ಹಿಸಾಯೊಳ ಎಡಗೈ

ಸೊಲ್ಲಾಪುರ
17 ನವೆಂಬರ್ 2024

ಪ್ರೀತಿಯ ಶಾರದಾ,

ನಿನ್ನ ಸೊಸೆ ಸ್ನೇಹಲ ದೀಪಾವಳಿಗೆ ಕಳಿಸಿದ ಪೆನ್‌ಡ್ರೈವ್ ಬಂದು ಮುಟ್ಟಿದೆ. ನಮ್ಮ ಹಿಸಾಯೊ ಮಿನೆಗಿಶಿ ಇಷ್ಟೊಂದು ಸಿನಿಮಾ ಮಾಡಿದ್ದಾಳೆ ಎಂದು ಯಾರಿಗೆ ಗೊತ್ತಿತ್ತು! ಕಾಲೇಜಿನಲ್ಲಿ ಫಿಲ್ಮ್ ಕ್ಲಬ್ಬಿನವರು ಪರದೆ ಕಟ್ಟಿ ತೋರಿಸಿದ್ದು ಒಂದೇ ಒಂದು, ಆ ಧರ್ಮಶಾಲೆಯದು. ಅಷ್ಟಕ್ಕೇ ನಾವಿಬ್ಬರೂ ಜಪಾನಿನ ಆ ನಟಿಯ ಹುಚ್ಚು ಹಿಡಿಸಿಕೊಂಡು ಮುದುಕಿಯರಾಗುತ್ತ ಬಂದೆವು.

ಮೊದಲು ಅದನ್ನೇ ಹಚ್ಚಿದೆ. ಅಂದು ಕಾಲೇಜಿನಲ್ಲಿ ಹುಡುಗರು ಸಿಳ್ಳೆ ಹೊಡೆಯುತ್ತಿದ್ದರಲ್ಲ, ಅವಳು ಅನ್ನದ ಬೋಗುಣಿ ಹಿಡಿದು ಒಳಗಿನಿಂದ ಬಂದ ಕೂಡಲೇ ಇಡೀ ಹಾಲ್ ತೆಪ್ಪಗಾಯಿತು. ಅವಳು ಮಾಡಿದ್ದಾದರೂ ಏನು? ಮೊಣಕಾಲೂರಿ ಕೂತಳು, ಬಡಿಸಿದಳು, ಉಣ್ಣುವವನ ಮುಖ ನೋಡದೆ ಅವನ ಬಟ್ಟಲನ್ನಷ್ಟೇ ನೋಡಿದಳು. ಗಂಡ ಸತ್ತ ಹೆಂಗಸು ಪರರಿಗೆ ಅನ್ನ ಹಾಕಿ ಬದುಕುವ ಕಷ್ಟವೆಲ್ಲ ಆ ನೋಟದಲ್ಲಿತ್ತು. ನಮ್ಮ ಕಾವಲಿಗೆಂದು ಬಂದಿದ್ದ ನನ್ನ ಅವ್ವ ನೀಲಾಬಾಯಿಗೆ ಜಪಾನಿ ಬಾರದು, ಕೆಳಗೆ ಓಡುವ ಇಂಗ್ಲಿಷೂ ಬಾರದು. ಆದರೂ ನನ್ನ ತೊಡೆ ಚಿವುಟಿ, “ನೋಡ ನೋಡ, ಎಡಗೈ ಹೊಟ್ಟಿಗಿ ಹಚ್ಚಿಕೊಂಡು ಬರೇ ಬಲಗೈಲೆ ಬಡಸ್ತಾಳ. ಭಾಳ ಚಲೋ ಮನಿತನದಾಕಿ ಇರಬೇಕವಾ” ಎಂದಳು. ಅಂದಿನಿಂದ ಪಂಕ್ತಿಗೆ ಬಡಿಸುವಾಗೆಲ್ಲ ನಾವಿಬ್ಬರೂ ಹಾಗೆಯೇ ಎಡಗೈ ಹಿಡಿದುಕೊಂಡು ಓಡಾಡುತ್ತಿದ್ದೆವು.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಮ್ಮ ಮನೆಯ ಫೋನು ನಿನಗೆ ಗೊತ್ತಲ್ಲ, ಮಾತಾಡುವವಳು ನಾನು, ಕೇಳುವವರು ಎಲ್ಲರೂ. ಕಾಗದವಾದರೆ ಟೇಬಲ್ಲಿನ ಮೇಲೆ ಬಿಟ್ಟರೂ ಭಯವಿಲ್ಲ. ನನ್ನ ಗಂಡ ಅವಿನಾಶ, ಮಗಳು ಪೂನಮ ಇಬ್ಬರೂ ಮರಾಠಿ ಸಾಲಿ ಕಲಿತವರು. ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಅಕ್ಷರ ಕಂಡರೆ ಜಿಲೇಬಿ ಎಂದು ನಗುತ್ತಾರೆ.

ಶಾರದಾ, ಎಡಗಡೆ ಎದೆಯಲ್ಲಿ, ಕಂಕುಳಿನ ಸಮೀಪ, ನನಗೊಂದು ಗಂಟು ಸಿಕ್ಕಿದೆ. ಜಳಕ ಮಾಡುವಾಗ ಕೈಗೆ ಹತ್ತಿತು. ಹುಣಸೆ ಬೀಜದಷ್ಟಿದೆ. ನೋವಿಲ್ಲ. ಅವ್ವನಿಗೂ ಮೊದಲು ನೋವಿರಲಿಲ್ಲ.

ಅವ್ವ ಕಾಮಣಿಯಾಗಿ, ಅದೇ ಅರಿಶಿಣ ಕಾಮಾಲೆಯಾಗಿ, ಹೋದಳೆಂದು ಅಪ್ಪ ಊರಿಗೆಲ್ಲ ಹೇಳಿಸಿದ್ದ. ಆಗ ನನ್ನ ಮದುವೆಯ ಮಾತು ನಡೆದಿತ್ತು. ನಿಜ ಏನೆಂದು ಹೊರಗಿನವರಲ್ಲಿ ನಿನಗೊಬ್ಬಳಿಗೇ ಗೊತ್ತು. ಈಗ ಪೂನಮಳಿಗೆ ಲಾತೂರಿನ ಬಟ್ಟೆ ವ್ಯಾಪಾರದವರ ಸಂಬಂಧ ಕೂಡಿಬಂದಿದೆ. ಹುಡುಗ ಅಮೋಲ್, ಒಳ್ಳೆಯವನು. ಅವನ ತಾಯಿ ಮೊನ್ನೆ ಬಂದಾಗ, “ಮನಿತನದಾಗ ಯಾರಿಗರೆ ದೊಡ್ಡ ಜಡ್ಡು ಆಗಿತ್ತೇನ್ರಿ?” ಎಂದು ಕೇಳಿದರು. “ಏನೂ ಇಲ್ರಿ” ಎಂದರು ಇವರು. ಪಾಪ, ಇವರಿಗೇನು ಗೊತ್ತು. ನಾನು ಚಹಾ ಸೋಸುವ ನೆವ ಮಾಡಿ ಒಳಗೆ ಹೋದೆ. ನನಗೆ ಬಹಳ ಭಯವಾಗಿದೆ.

ನಿನ್ನ
ಉಜ್ವಲಾ


ಅಕ್ಕಲಕೋಟ
26 ನವೆಂಬರ್ 2024

ಉಜ್ವಲಾ,

ನಿನ್ನ ಕಾಗದ ಓದಿದೆ. ಪುಸ್ತಕದ ಕನ್ನಡದಲ್ಲಿ ನನಗೆ ಬೈಯಲು ಬರುವುದಿಲ್ಲ, ಬಾಯಿಯ ಕನ್ನಡದಲ್ಲೇ ಬೈಯುತ್ತೇನೆ: ಏ ಹುಚ್ಚಿ, ಸಿನಿಮಾ ನೋಡ್ಕೋತ ಕುಂತೀಯಲ್ಲ, ನಿನಗೇನು ತಲಿ ಕೆಟ್ಟೈತೇನು? ನಾಳಿಗೇ ದವಾಖಾನಿಗಿ ಹೋಗು! ಒಬ್ಬಳೇ ಹೋಗಲು ಅಂಜಿಕೆಯಾದರೆ ನಾನು ಬರುತ್ತೇನೆ. ಜೋಳದ ಹೊಲಕ್ಕೆ ನೀರು ಹಾಯಿಸುವುದಿದೆ, ಅದನ್ನು ನಮ್ಮವರು ನೋಡಿಕೊಳ್ಳುತ್ತಾರೆ.

ಬೈದ ಮೇಲೆ ಸಮಾಧಾನವಾಗಲಿಲ್ಲ. ಆ ಪೆನ್‌ಡ್ರೈವಿನ ಇನ್ನೊಂದು ಪ್ರತಿ ನನ್ನ ಹತ್ತಿರವೂ ಇದೆ, ಅದನ್ನು ಹಚ್ಚಿ ಕೂತೆ. ನೀನು ಕೈಗೆ ಸಿಕ್ಕದ್ದು ನೋಡು. ನಾನು ಒಕ್ಕಲುತನದ ಮನೆಯವಳು, ಬಿತ್ತನೆಯಿಂದಲೇ ಶುರು ಮಾಡುತ್ತೇನೆ. ಮೊಟ್ಟಮೊದಲನೆಯದರಲ್ಲಿ ಹಿಸಾಯೊ ದೋಣಿಯವನ ಮಗಳು. ಇನ್ನೂ ಮೈಕೈ ತುಂಬದ ಹುಡುಗಿ. ಬಾಯಲ್ಲಿ ತುತ್ತಿಟ್ಟುಕೊಂಡೇ ನಗುತ್ತಾಳೆ, ದಡಕ್ಕೆ ಹಗ್ಗ ಒಗೆಯುತ್ತಾಳೆ, ಅಪ್ಪನನ್ನು ಬೈಯುತ್ತಾಳೆ. ಇನ್ನೊಂದರಲ್ಲಿ ಹಿಟ್ಟಿನ ಗಿರಣಿಯ ಕೆಲಸದವಳು. ಮಾಲೀಕನ ಜೊತೆ ಜಗಳವಾಡುತ್ತಲೇ ಚೀಲವನ್ನು ಹೆಗಲಿಗೇರಿಸಿ ನಡೆಯುತ್ತಾಳೆ, ಮಾತು ತುಂಡಾಗುವುದಿಲ್ಲ, ಉಸಿರೂ ತಪ್ಪುವುದಿಲ್ಲ. ನಮ್ಮ ಯಜಮಾನರು ಸಾಯಬಣ್ಣ ಚಹಾ ಕುಡಿಯುತ್ತ ನಿಂತು ನೋಡಿ, “ಈ ಹುಡುಗಿ ನಮ್ಮ ಹೊಲಕ್ಕ ಬಂದ್ರ ಎರಡಾಳಿನ ಕೆಲಸ ಮಾಡ್ತಾಳ” ಎಂದರು. ಇದಕ್ಕಿಂತ ದೊಡ್ಡ ಪ್ರಶಸ್ತಿ ಈ ಮನೆಯಲ್ಲಿ ಯಾರಿಗೂ ಸಿಕ್ಕಿಲ್ಲ, ನನಗಂತೂ ಸಿಕ್ಕೇ ಇಲ್ಲ.

ಪೂನಮಳ ಮದುವೆ ಆಗಬೇಕು, ಒಪ್ಪಿದೆ. ಮದುವೆಯಲ್ಲಿ ನೀನೂ ಇರಬೇಕು. ಯಾವ ದಿನ ಹೋಗುತ್ತೀ ಬರೆ.

ಶಾರದಾ


ಸೊಲ್ಲಾಪುರ
15 ಡಿಸೆಂಬರ್ 2024

ಶಾರದಾ,

ಹೋಗುವುದಿಲ್ಲ. ಮೇ ತಿಂಗಳಲ್ಲಿ ಮದುವೆ, ಅದು ಮುಗಿಯಲಿ. ನೀನು ಯಾರ ಮುಂದೆಯೂ ಬಾಯಿ ಬಿಡಬಾರದು. ನನ್ನ ಮೇಲಿನ ಆಣೆ.

ಏನೂ ಮಾಡುತ್ತಿಲ್ಲ ಎಂದುಕೊಳ್ಳಬೇಡ. ನಮ್ಮ ಅಂಗಡಿಯಲ್ಲಿ ಕೆಲಸಕ್ಕಿರುವ ಗುರುಸಿದ್ಧ ತನ್ನೂರು ಹುಲಜಂತಿಯಿಂದ ಮಹಾಲಿಂಗರಾಯನ ಭಂಡಾರ ತಂದುಕೊಟ್ಟ. ಯಾತಕ್ಕೆ ಎಂದು ಕೇಳಲಿಲ್ಲ. ದಿನಾ ಹಚ್ಚುತ್ತೇನೆ. ಕುಬಸದ ಒಳಗೆಲ್ಲ ಅರಿಶಿಣ ಹತ್ತಿ ಹಳದಿಯಾಗಿದೆ, ಒಗೆಯುವವಳಿಗೆ ಕಾಣಬಾರದೆಂದು ನಾನೇ ಒಗೆದುಕೊಳ್ಳುತ್ತೇನೆ. ಮದುವೆಯ ಕುಬಸಕ್ಕೆ ಅಳತೆ ತಗೊಳ್ಳಲು ಟೇಲರ್ ಬಾಯಿ ಟೇಪು ಸುತ್ತಿದಾಗ ಹಿಂದೆ ಸರಿದುಬಿಟ್ಟೆ. “ಗುದಗುಲಿ ಆತೇನ್ರೀ ವೈನಿ?” ಎಂದು ಆಕೆ ನಕ್ಕಳು. ನಾನೂ ನಕ್ಕೆ.

ನಿನ್ನೆ ಹಿಸಾಯೊಳ ಇನ್ನೊಂದು ನೋಡಿದೆ. ಆಚೆಯ ಕೋಣೆಯಲ್ಲಿ ಮೈದುನಂದಿರು ಕೂತು ಅವಳನ್ನು ಮನೆಯಿಂದ ಹೊರಗೆ ಹಾಕುವ ಮಾತಾಡುತ್ತಿದ್ದಾರೆ. ಈಚೆಗೆ, ಸರಿಯುವ ಆ ಬಾಗಿಲಿನ ಹಿಂದೆ, ಅವಳು ಮೂಲಂಗಿಯ ಉಪ್ಪಿನಕಾಯಿ ತಿನ್ನುತ್ತ ಕೂತಿದ್ದಾಳೆ. ತನ್ನ ಹೆಸರು ಕಿವಿಗೆ ಬಿದ್ದದ್ದೇ ತಡ, ಅಗಿಯುವುದನ್ನು ನಿಲ್ಲಿಸುತ್ತಾಳೆ. ಅಷ್ಟೇ! ಗಲ್ಲದ ಒಂದು ಕಡೆ ತುತ್ತು ಉಬ್ಬಿಕೊಂಡೇ ಇದೆ. ಕಣ್ಣು ಅಗಲವಾಗುವುದಿಲ್ಲ, ಕೈ ಎದೆಗೆ ಹೋಗುವುದಿಲ್ಲ. ನಮ್ಮ ಸಿನಿಮಾದವರಾಗಿದ್ದರೆ ಗುಡುಗು ಹೊಡೆಸಿ ಊರಿಗೆಲ್ಲ ಸಾರುತ್ತಿದ್ದರು. ಭಯ ಎಂಬುದನ್ನು ಇಷ್ಟು ಸರಿಯಾಗಿ ಬಲ್ಲವಳು ಇನ್ನೊಬ್ಬಳಿಲ್ಲ ಎನಿಸಿತು.

ಸಂಜೆ ಊಟಕ್ಕೆ ಕೂತಾಗ ಲಾತೂರಿನಿಂದ ಫೋನು ಬಂತು. ಅವರ ಬಳಗದಲ್ಲಿ ಯಾರಿಗೋ ಈ ರೋಗ ಬಂದಿದೆಯಂತೆ. “ಆಕಿ ತಾಯಿಗೂ ಇತ್ತಂತ್ರಿ. ಅಂಥಾ ಮನಿಯಿಂದ ಹೆಣ್ಣು ತರೂಮುಂದ ಮೊದಲಽ ಕೇಳಕೋಬೇಕಿತ್ತು” ಎಂದು ಅಮೋಲನ ತಾಯಿ ಅನ್ನುತ್ತಿದ್ದದ್ದು ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತು. ನನ್ನ ಬಾಯೊಳಗಿನ ರೊಟ್ಟಿ ಹಾಗೇ ನಿಂತಿತು. ಯಾರೂ ನನ್ನ ಕಡೆ ನೋಡಲಿಲ್ಲ.

ಜನವರಿ 26ಕ್ಕೆ ಸಾಖರಪುಡಾ. ನೀನು ಬಂದು ನಿಶ್ಚಯದ ಊಟ ಮಾಡಿ ಹೋಗಬೇಕು. ದವಾಖಾನೆಯ ಮಾತು ಎತ್ತುವುದಾದರೆ ಬರಬೇಡ.

ಉಜ್ವಲಾ


ಅಕ್ಕಲಕೋಟ
30 ಜನವರಿ 2025

ಉಜ್ವಲಾ,

ಬಂದೆ, ಉಂಡೆ, ಆಣೆಗೆ ಕಟ್ಟುಬಿದ್ದು ಬಾಯಿ ಮುಚ್ಚಿಕೊಂಡು ಬಂದೆ. ಆದರೆ ಕಣ್ಣು ಮುಚ್ಚಿರಲಿಲ್ಲ.

ಬೀಗರ ಪಂಕ್ತಿಗೆ ನೀನೇ ಹೋಳಿಗೆ ಬಡಿಸಿದೆ. ಪರಾತವನ್ನು ಬೇರೆಯವಳ ಕೈಗೆ ಕೊಟ್ಟು, ಎಡಗೈಯನ್ನು ಹೊಟ್ಟೆಗೆ ಹಚ್ಚಿಕೊಂಡು, ಬರೀ ಬಲಗೈಯಲ್ಲಿ. ನನ್ನ ಪಕ್ಕದ ಮುದುಕಿ, “ಎಷ್ಟ ರೀತಿ ಕಲ್ತಾಳ ನೋಡ ಈ ಹೆಣ್ಣಮಗಳು” ಎಂದಳು. ರೀತಿಯಲ್ಲ ಅದು, ನೀನು ಆ ಕೈ ಎತ್ತುತ್ತಿರಲಿಲ್ಲ. ನೋವಿಗೋ ಅಂಜಿಕೆಗೋ ನಿನಗೇ ಗೊತ್ತು.

ಮನೆಗೆ ಬಂದು ಧರ್ಮಶಾಲೆ ಸಿನಿಮಾ ಹಚ್ಚಿದೆ. ಅದೇ ಕೈ, ಅದೇ ಹೊಟ್ಟೆ. ಮತ್ತೆ ಹಿಂದಕ್ಕೆ ಹೋಗಿ ದೋಣಿಯದು ನೋಡಿದೆ. ಉಜ್ವಲಾ, ಆ ಹುಡುಗಿ ಹಗ್ಗ ಒಗೆಯುವುದು ಎಡಗೈಯಲ್ಲಿ! ಗಿರಣಿಯಲ್ಲಿ ಚೀಲ ಏರಿಸುವುದು ಎಡ ಹೆಗಲಿಗೆ. ಸೊಪ್ಪು ಕೊಚ್ಚುವುದು, ಬಾಚಿಕೊಳ್ಳುವುದು, ಗಂಡನ ಕಪಾಳಕ್ಕೆ ಹೊಡೆಯುವುದು ಎಲ್ಲ ಎಡಗೈಯಲ್ಲೇ. ಹಿಸಾಯೊ ಎಡಚಿ. ಆಮೇಲೆ ಎರಡು ವರ್ಷ ಒಂದೂ ಸಿನಿಮಾ ಇಲ್ಲ. ಅದಾದ ಮೇಲೆ ಬಂದದ್ದು ಛತ್ರಿ ರಿಪೇರಿಯವನ ಹೆಂಡತಿಯ ಕಥೆ. ಅದರಿಂದ ಮುಂದಕ್ಕೆ ಆ ಎಡಗೈ ಸೊಂಟದಿಂದ ಮೇಲೇರಿದ್ದನ್ನು ತೋರಿಸು ನೋಡೋಣ. ಅಟ್ಟದ ಮೇಲಿನ ಡಬ್ಬಿ ಬೇಕಾದರೆ ಸ್ಟೂಲು ಹತ್ತಿ ಬಲಗೈ ಚಾಚುತ್ತಾಳೆ. ಕೂದಲು ಬಾಚಿಕೊಳ್ಳುವುದು ಒಂದು ಕಡೆಯೂ ಇಲ್ಲ, ಬೇರೆಯವರು ಬಾಚುತ್ತಾರೆ.

ನಿನ್ನ ಅವ್ವ ಚಲೋ ಮನಿತನದಾಕಿ ಎಂದಳು, ನಾವು ನಂಬಿದೆವು. ಬೇರೆ ಯಾರಾದರೂ ಈ ತಪ್ಪು ಮಾಡುತ್ತಿದ್ದರೇ? ಎಡಗೈಯಲ್ಲಿ ಬಡಿಸಬಾರದು ಎಂದು ತಲೆಯಲ್ಲಿ ತುಂಬಿಕೊಂಡ ನಮ್ಮಂಥವರಿಗೇ ಇದು ಸಾಧ್ಯ. ಅವಳು ಕೈ ಎತ್ತಲಾರದೆ ಇದ್ದಳು. ನಮ್ಮ ತಾಲೂಕಿನಲ್ಲಿ ಬಾರ್ಶಿಯ ಆಸ್ಪತ್ರೆಗೆ ಹೋಗಿ ಎದೆ ಕೊಯ್ಯಿಸಿಕೊಂಡು ಬಂದವರನ್ನು ನಾನು ಕಂಡಿದ್ದೇನೆ, ಅವರ ತೋಳು ಹೀಗೆಯೇ ನಿಲ್ಲುತ್ತದೆ.

ನಾವು ಮೆಚ್ಚಿದ ಸಿನಿಮಾ ಎಲ್ಲ ಆ ಎರಡು ವರ್ಷದ ಆಚೆಯವು. ನೀನು ಬರೆದಿದ್ದೆಯಲ್ಲ, ಅಗಿಯುವುದನ್ನು ನಿಲ್ಲಿಸಿದ್ದು, ಅದೂ ಆಮೇಲಿನದೇ. ಅವಳು ಹೋಗಿ ತೋರಿಸಿಕೊಂಡಳು, ಅದಕ್ಕೇ ನಮಗೆ ಸಿಕ್ಕಳು. ನೀನು ಯಾವಾಗ ಹೋಗುತ್ತೀ?

ಶಾರದಾ


ಸೊಲ್ಲಾಪುರ
12 ಫೆಬ್ರುವರಿ 2025

ಶಾರದಾ,

ನಿನಗೆ ಒಳ್ಳೆಯದಾಗಲಿ! ಜಗತ್ತಿನಲ್ಲಿ ಆ ರೋಗ ಇಲ್ಲದ ಒಂದು ಜಾಗ ಉಳಿದಿತ್ತು, ಅಲ್ಲಿಗೂ ಅದನ್ನು ತಂದು ಕೂಡಿಸಿದೆ. ಈಗ ಯಾವ ಸಿನಿಮಾ ಹಚ್ಚಿದರೂ ಅವಳ ಮುಖ ಕಾಣುವುದಿಲ್ಲ, ಕೈಯೇ ಕಾಣುತ್ತದೆ. ಹೆಗಲು ಮುರಿದಿರಬಾರದೇ? ಬಿದ್ದಿರಬಾರದೇ? ನೀನೇನು ಡಾಕ್ಟರೇ?

ತಡೆಯಲಾರದೆ ಪೂನಮಳಿಗೆ ಹೇಳಿ ಫೋನಿನಲ್ಲಿ ಹುಡುಕಿಸಿದೆ. ಪ್ರಕೃತಿ ಸರಿಯಿಲ್ಲದೆ ಎರಡು ವರ್ಷ ಕೆಲಸ ಮಾಡಲಿಲ್ಲ ಎಂದಿದೆ. ಆಮೇಲೆ ನಾಲ್ಕು ಚಿತ್ರ. ಆಮೇಲೆ ಏನೂ ಇಲ್ಲ. ಏನೂ ಇಲ್ಲ ಎಂದರೆ ಏನು ಶಾರದಾ? ಸತ್ತಳೇ, ಬದುಕಿದಳೇ, ಒಂದು ಸಾಲೂ ಇಲ್ಲ. “ಯಾವ ಬ್ಯಾನಿ ಇತ್ತು ಆಯಿ ಆಕಿಗಿ?” ಎಂದು ಪೂನಮ ಕೇಳಿದಳು. ಗೊತ್ತಿಲ್ಲ ಎಂದೆ. ಅವಳು ಬಹಳ ಹೊತ್ತು ಆ ಪುಟವನ್ನೇ ನೋಡುತ್ತ ಕೂತಳು.

ಗಂಟು ದೊಡ್ಡದಾಗಿದೆ. ಮೇಲಿನ ಚರ್ಮ ಒಳಕ್ಕೆ ಎಳೆದ ಹಾಗೆ ಆಗಿದೆ. ಕನ್ನಡಿಯಲ್ಲಿ ನೋಡಲು ನನ್ನಿಂದಾಗುವುದಿಲ್ಲ. ಬರಬೇಡ.

ಉಜ್ವಲಾ


ಅಕ್ಕಲಕೋಟ
16 ಫೆಬ್ರುವರಿ 2025

ಉಜ್ವಲಾ,

ಗುರುವಾರ ಸ್ವಾಮಿಯ ದರ್ಶನಕ್ಕೆ ಅಕ್ಕಲಕೋಟಕ್ಕೆ ಹೋಗಿಬರುತ್ತೇನೆ ಎಂದು ಮನೆಯಲ್ಲಿ ಹೇಳು. ಸೊಲ್ಲಾಪುರದಲ್ಲಿ ಗುರುವಾರ ಈ ಮಾತು ಹೇಳಿದ ಹೆಂಗಸನ್ನು ಯಾರೂ ಏನೂ ಕೇಳುವುದಿಲ್ಲ. ಬೆಳಿಗ್ಗೆ ನಾನೇ ನಿಮ್ಮೂರಿನ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ನಾವು ಬಾರ್ಶಿಯ ಬಸ್ಸು ಹತ್ತುತ್ತೇವೆ. ಸ್ವಾಮಿಗೆ ನಾನು ತಪ್ಪುಕಾಣಿಕೆ ಕಟ್ಟುತ್ತೇನೆ.

ಅವಳ ಕಡೆಯ ಸಿನಿಮಾ ನೀನಿನ್ನೂ ನೋಡಿಲ್ಲ ಎಂದು ಕಾಣುತ್ತದೆ. ಸಾಲಿ ಮಾಸ್ತರಬಾಯಿ ರೈಲಿಗೆ ಕಾಯುತ್ತಿದ್ದಾಳೆ. ಅಂಜಿಕೆ ಮುಖದ ತುಂಬ ಇದೆ. ಬಟ್ಟೆಗಂಟಿನ ದಾರವನ್ನು ಒಂದು ತುದಿ ಹಲ್ಲಿನಲ್ಲಿ, ಇನ್ನೊಂದು ತುದಿ ಬಲಗೈಯಲ್ಲಿ ಹಿಡಿದು ಬಿಗಿಯುತ್ತಾಳೆ. ರೈಲು ಬರುತ್ತದೆ. ಅಂಜಿಕೆ ಹೋಗಿಲ್ಲ, ಹಾಗೇ ಹತ್ತುತ್ತಾಳೆ. ನೀನೂ ಹಾಗೇ ಬಾ.

ಶಾರದಾ


ಸೊಲ್ಲಾಪುರ
28 ಫೆಬ್ರುವರಿ 2025

ಶಾರದಾ,

ಬಾರ್ಶಿಯಿಂದ ವರದಿ ಬಂತು. ಅದೇ. ತಡಮಾಡಿದ್ದೀರಿ, ಆದರೂ ಕೈಮೀರಿಲ್ಲ ಎಂದರು ಡಾಕ್ಟರು. ಮನೆಯಲ್ಲಿ ಇವರಿಗೆ ಹೇಳಿದೆ. ಮೊದಲು ಸಿಟ್ಟಾದರು, ಆಮೇಲೆ ಗೋಡೆಗೆ ಮುಖ ಮಾಡಿ ಅತ್ತರು. ಮಾರ್ಚ್ ಹನ್ನೊಂದಕ್ಕೆ ಆಪರೇಷನ್. ಪೂನಮಳಿಗೆ ಗರ್ಭಕೋಶದ ತೊಂದರೆ ಎಂದು ಹೇಳಿದ್ದೇವೆ.

ಅಂದು ನಿನ್ನನ್ನು ಹೊರಗೆ ಕೂಡಿಸಿದ್ದರಲ್ಲ, ಒಳಗೆ ಆದದ್ದನ್ನು ಬಸ್ಸಿನಲ್ಲಿ ಹೇಳಲು ನನ್ನಿಂದಾಗಲಿಲ್ಲ. ಡಾಕ್ಟರ್ ಬಾಯಿ, “ನಿಮ್ಮ ತಾಯಿ ಯಾವುದರಿಂದ ತೀರಿಕೊಂಡರು?” ಎಂದು ಮರಾಠಿಯಲ್ಲಿ ಕೇಳಿದರು. ಕಾಮಣಿ ಎಂದೆ. ಬೇಕೆಂದು ಹೇಳಿದ್ದಲ್ಲ, ಇಷ್ಟು ವರ್ಷದ ರೂಢಿ, ನಾಲಿಗೆ ತಾನೇ ಹೇಳಿಬಿಟ್ಟಿತು. ಅವರು ಬರೆದುಕೊಂಡರು. ಮಗಳಿದ್ದಾಳೆಯೇ ಎಂದು ಕೇಳಿದರು. ಇದ್ದಾಳೆ ಎಂದೆ. “ಹಾಗಾದರೆ ಪರವಾಗಿಲ್ಲ. ತಾಯಿಗೂ ಇದೇ ಆಗಿದ್ದರೆ ಮಗಳನ್ನೂ ಈಗಲೇ ನೋಡಬೇಕಾಗುತ್ತಿತ್ತು” ಎಂದರು.

ನಾನು ಕುರ್ಚಿಯಿಂದ ಎದ್ದು ಬಂದುಬಿಟ್ಟೆ. ಈಗ ನನ್ನ ಗಂಟಿನ ಭಯ ಎಲ್ಲೋ ಹೋಗಿದೆ. ಪೂನಮ ಅಡುಗೆಮನೆಯಲ್ಲಿ ಓಡಾಡಿದರೆ ಅವಳ ತೋಳನ್ನೇ ನೋಡುತ್ತೇನೆ. ಹೇಳಿದರೆ ಸಂಬಂಧ ಮುರಿಯುತ್ತದೆ. ಹೇಳದಿದ್ದರೆ ಏನಾದೀತು? ಹೇಗೆ ಹೇಳಲಿ? ಅವಳ ಮುಂದೆ ಕೂತರೆ ಬೇರೆ ಏನೋ ಮಾತು ತೆಗೆದು ಎದ್ದು ಬರುತ್ತೇನೆ.

ಉಜ್ವಲಾ


ಅಕ್ಕಲಕೋಟ
4 ಮಾರ್ಚ್ 2025

ಮಗಳೇ ಪೂನಮ,

ನಾನು ನಿನ್ನ ಶಾರದಾ ಮಾವಶಿ. ಈ ಕಾಗದ ನಿನಗೆ. ನಿನಗೆ ಕನ್ನಡ ಓದಲು ಬರುವುದಿಲ್ಲ ಎಂದು ಗೊತ್ತು. ಆದ್ದರಿಂದ ನಿನ್ನ ಆಯಿಯ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸು. ಅರ್ಧಕ್ಕೆ ನಿಲ್ಲಿಸಿದರೆ ಬಿಡಬೇಡ. ಯಾರಿಗೂ ಹೇಳುವುದಿಲ್ಲ ಎಂದು ನಾನು ಅವಳಿಗೆ ಆಣೆ ಕೊಟ್ಟಿದ್ದೇನೆ, ಅದನ್ನು ಮುರಿದಿಲ್ಲ. ಹೇಳುವವಳು ಅವಳೇ.

ನಿನ್ನ ಅಜ್ಜಿ ನೀಲಾಬಾಯಿಗೆ ಕಾಮಣಿ ಆಗಿರಲಿಲ್ಲ. ಎದೆಯ ಕ್ಯಾನ್ಸರ್ ಆಗಿತ್ತು. ನಿನ್ನ ಆಯಿಗೆ ಈಗ ಆಗಿರುವುದೂ ಅದೇ, ಗರ್ಭಕೋಶದ್ದಲ್ಲ. ನೀನೂ ತೋರಿಸಿಕೊಳ್ಳಬೇಕು ಮಗಳೇ. ಮದುವೆಗಿಂತ ಮೊದಲು. ನಿನ್ನ ಆಯಿ ಬಾಯಿ ಮುಚ್ಚಿಕೊಂಡಿದ್ದು ನಿನ್ನ ಮೇಲಿನ ಮಾಯೆಗೆ. ಅವಳನ್ನು ಬೈಯಬೇಡ. ಬೈಯುವ ಪಾಲು ನಾನು ಮುಗಿಸಿದ್ದೇನೆ.

ನಿನ್ನ
ಶಾರದಾ ಮಾವಶಿ


ಬಾರ್ಶಿ
27 ಮಾರ್ಚ್ 2025

ಶಾರದಾ,

ನನ್ನದು ಮುಗಿಯಿತು. ತೆಗೆದಿದ್ದಾರೆ. ಎಡಗೈ ಹೆಗಲಿನವರೆಗೂ ಬರುವುದಿಲ್ಲ. ಗೋಡೆಯ ಮೇಲೆ ಬೆರಳಿನಿಂದ ಹತ್ತುತ್ತ ಹತ್ತುತ್ತ ಎತ್ತಬೇಕೆಂದು ಹೇಳಿಕೊಟ್ಟಿದ್ದಾರೆ. ಹಿಸಾಯೊಳ ವಿಷಯದಲ್ಲಿ ನೀನು ಹೇಳಿದ್ದು ನಿಜವಿದ್ದರೂ ಇರಬಹುದು, ಬರೀ ಹೆಗಲು ಮುರಿದಿದ್ದರೂ ಇರಬಹುದು. ನಾನು ಬಸ್ಸು ಹತ್ತಿದ್ದಂತೂ ಅವಳ ಹೆಸರಿನಲ್ಲಿ.

ನಿನ್ನ ಕಾಗದ ಓದಿದ್ದು ಹೇಗೆ ಎಂದು ಹೇಳಬೇಕು. ಲಕೋಟೆಯ ಮೇಲೆ ತನ್ನ ಹೆಸರನ್ನು ಮರಾಠಿ ಅಕ್ಷರದಲ್ಲಿ ಕಂಡು ಪೂನಮ ಕುಣಿಯುತ್ತ ಬಂದಳು. “ಮಾವಶಿ ನಂಗ ಪತ್ರ ಬರದಾಳ ಆಯಿ, ಓದು ಓದು” ಎಂದು ನನ್ನ ಪಕ್ಕ ಒತ್ತಿಕೊಂಡು ಕೂತಳು. ಅಜ್ಜಿಯ ಸಾಲಿನವರೆಗೆ ಹೇಗೋ ಓದಿದೆ. ಮುಂದೆ ಅಕ್ಷರ ಕಾಣಲಿಲ್ಲ. “ಯಾಕ ನಿಲ್ಲಿಸಿದಿ? ಇನ್ನೂ ಅದಲಾ ಕೆಳಗ” ಎಂದು ಬೆರಳಿಟ್ಟು ತೋರಿಸಿದಳು. ಓದಲು ಬಾರದಿದ್ದರೂ ಎಷ್ಟು ಉಳಿದಿದೆ ಎಂಬುದು ಕಾಣುತ್ತದಲ್ಲ. ಓದಿ ಮುಗಿಸಿದೆ. ಅವಳು ಅಳುತ್ತಾಳೆ, ಕೂಗಾಡುತ್ತಾಳೆ, ನನ್ನನ್ನು ಶಪಿಸುತ್ತಾಳೆ ಎಂದು ಕಾದೆ.

ಅವಳು ನನ್ನ ಕೈ ಹಿಡಿದು ತನ್ನ ಎದೆಯ ಮೇಲಿಟ್ಟಳು. ಬಲಗಡೆ. ಅಲ್ಲಿ ನನ್ನ ಬೆರಳಿಗೆ ಒಂದು ಗಂಟು ಹತ್ತಿತು.

“ದೀಪಾವಳಿಯಿಂದ ಅದ ಆಯಿ. ಲಗ್ನ ಆಗೂತನಕಾ ಯಾರಿಗೂ ಹೇಳಬಾರದಂತ ಮಾಡಿದ್ದೆ. ನಿನಗ ಗೊತ್ತಾದ್ರ ನೀ ಅಂಜಿ ಸಾಯ್ತಿ ಅಂತ” ಎಂದಳು.

ಒಂದೇ ಮನೆಯಲ್ಲಿ, ಒಂದೇ ತಾಟಿಗೆ ಕೂತು, ಇಬ್ಬರೂ ಒಬ್ಬರಿಗೊಬ್ಬರು ಮುಚ್ಚಿಟ್ಟುಕೊಂಡು ನಗುತ್ತಿದ್ದೆವು ಶಾರದಾ.

ಲಾತೂರಿಗೆ ನಾನೇ ಫೋನು ಮಾಡಿ ಎಲ್ಲ ಹೇಳಿದೆ, ನನ್ನ ಅವ್ವನದು, ನನ್ನದು, ಇವಳದು. ಅಮೋಲನ ತಾಯಿ, “ವಿಚಾರ ಮಾಡ್ತೀವ್ರಿ” ಎಂದು ಇಟ್ಟರು. ಅಮೋಲ್ ಪೂನಮಳ ಜೊತೆ ದಿನಾ ಮಾತಾಡುತ್ತಾನೆ, ಆದರೆ ಮನೆಯಲ್ಲಿ ಅವನ ಮಾತು ಎಷ್ಟು ನಡೆಯುತ್ತದೋ ಗೊತ್ತಿಲ್ಲ. ಮುರಿದರೆ ಮುರಿಯಲಿ. ನನಗೆ ಮಗಳು ಬೇಕು.

ಈ ವಯಸ್ಸಿನವರಿಗೆ ಬಹಳ ಸಲ ಕೆಟ್ಟದ್ದಿರುವುದಿಲ್ಲ ಎಂದು ಡಾಕ್ಟರ್ ಬಾಯಿ ಹೇಳಿದ್ದಾರೆ. ಕಾಮಣಿ ಎಂದು ಬರೆದದ್ದನ್ನು ನನ್ನ ಮುಂದೆಯೇ ಹೊಡೆದು ಹಾಕಿದರು. ಮೊನ್ನೆ ಸೂಜಿ ಹಾಕಿ ತೆಗೆದುಕೊಂಡಿದ್ದಾರೆ. ವರದಿ ಇವತ್ತು. ಪೂನಮ ಒಳಗೆ ಕೂತಿದ್ದಾಳೆ, ತಾನೊಬ್ಬಳೇ ಕೇಳುತ್ತೇನೆ ಎಂದಳು. ನಾನು ಹೊರಗೆ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಇವರು ಮೂರು ಸಲ ಚಹಾ ತಂದರು, ಒಂದೂ ಕುಡಿಯಲಿಲ್ಲ. ನನ್ನ ಪಾಳಿ ಇದ್ದಾಗ ಇಷ್ಟು ಅಂಜಿರಲಿಲ್ಲ. ನಿನಗೆ ಇನ್ನೇನು ಬರೆಯಲಿ ಎಂದು ಯೋಚಿಸುತ್ತಿದ್ದೆ, ಬಾಗಿಲು ತೆರೆಯಿತು. “ಪೂನಮಳ ಆಯಿ ಯಾರು? ಒಳಗೆ ಬನ್ನಿ” ಎನ್ನುತ್ತಿದ್ದಾರೆ.

ಉಜ್ವಲಾ